ಪಾಲ್ ಡೆಸ್ಮಂಡ್ ಹಾಗೆ ಮೆಲ್ಲಗೆ ಊದಬೇಕು, ಏನು ಮಾಡಲಿ?

ಪ್ರಶ್ನೆ: ನನಗೆ 24 ವರ್ಷ. ಊರು ಬಂಟ್ವಾಳದ ಹತ್ತಿರ. ಆರು ವರ್ಷದಿಂದ ಸೋದರಮಾವನ ಸೆಟ್ಟಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದೇನೆ. ಮದುವೆ, ಜಾತ್ರೆ, ಕೋಲ. ಡೋಲಿನ ಪಕ್ಕ ನಿಂತು ಜೋರಾಗಿ ಊದಿಯೇ ಅಭ್ಯಾಸ. ಹೋದ ವರ್ಷ ಫೋನಿನಲ್ಲಿ ‘ಟೇಕ್ ಫೈವ್’ ಕೇಳಿದೆ. ಆಮೇಲೆ ಅದನ್ನು ನುಡಿಸಿದ ಅಮೆರಿಕದ ಜಾಝ್ ಆಲ್ಟೊ ವಾದಕ ಪಾಲ್ ಡೆಸ್ಮಂಡ್ ಅವರದ್ದು ಸಿಕ್ಕಿದ್ದನ್ನೆಲ್ಲ ಕೇಳಿದ್ದೇನೆ. ಅದೇ ವಾದ್ಯದಲ್ಲಿ ಇಷ್ಟು ಮೆತ್ತಗಿನ ನಾದ ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ಮಾವನಿಗೆ ಕೇಳಿಸಿದರೆ “ಇವನೇನು ನಿದ್ದೆಗಣ್ಣಲ್ಲಿ ಊದ್ತಾನಾ?” ಅಂದರು. ಬೆಂಗಳೂರಿನ ಗೆಳೆಯನೊಬ್ಬ ಹೇಳುವುದು ಬೇರೆ. ಡೆಸ್ಮಂಡ್ ಅಭ್ಯಾಸವನ್ನೇ ಮಾಡುತ್ತಿರಲಿಲ್ಲವಂತೆ, ಕುಡಿದುಕೊಂಡು ಆರಾಮಾಗಿ ಊದುತ್ತಿದ್ದರಂತೆ, ಎಲ್ಲ ಆ ಹಳೆಯ ಗ್ರೆಗರಿ ಮೌತ್‌ಪೀಸಿನ ಮಹಿಮೆಯಂತೆ. ಅಂಥದ್ದೊಂದು ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಬೆಲೆ ನನ್ನ ಎರಡು ತಿಂಗಳ ದುಡಿಮೆ. ಕೊಳ್ಳಲೇ? ಆರು ವರ್ಷ ಜೋರಾಗಿ ಊದಿ ನನ್ನ ನಾದ ಕೆಟ್ಟುಹೋಗಿದೆಯೇ? ಇನ್ನೊಂದು ಮಾತು. ಡೆಸ್ಮಂಡ್ ಜೀವನವಿಡೀ ತಂಡದ ನಾಯಕ, ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ಹಿಂದೆಯೇ ಇದ್ದವರು, ಸ್ವಂತವಾಗಿ ಏನೂ ಮಾಡಲಿಲ್ಲ ಅನ್ನುತ್ತಾರೆ. ಹಾಗಾದರೆ ನಾನು ಮಾವನ ಸೆಟ್ಟು ಬಿಟ್ಟು ಹೊರಡಬೇಕೇ?

ಉತ್ತರ: ಮೊದಲು ದುಡ್ಡಿನ ವಿಷಯ. ಆ ಮೌತ್‌ಪೀಸ್ ಈಗ ಕೊಳ್ಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮಾರುವವರು “ಇವತ್ತೇ ಕೊನೆ ದಿನ” ಅಂತ ಅವಸರ ಮಾಡುತ್ತಿದ್ದರೆ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ ಅವರಿಗೆ ಬೇಡ ಅಂತ ಬರೆದುಬಿಡಿ.

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಆದರೆ ಒಳಗಿನ ಆತಂಕ ಒಂದೇ ಅಂತ ನನಗನಿಸುತ್ತದೆ. ಇಷ್ಟು ಸುಲಭವಾಗಿ ಕೇಳಿಸುವುದು ನನಗೆ ಯಾಕೆ ಇಷ್ಟು ಕಷ್ಟ? ಅವರಿಗೆ ಗೊತ್ತಿದ್ದ ಗುಟ್ಟು ಏನು? ನಾನು ಮೂವತ್ತು ವರ್ಷದಿಂದ ಸ್ಯಾಕ್ಸೊಫೋನ್ ಕಲಿಸುತ್ತಿದ್ದೇನೆ, ರಿಪೇರಿಯನ್ನೂ ಮಾಡುತ್ತೇನೆ. ಡೆಸ್ಮಂಡ್ ಹುಚ್ಚು ಹತ್ತಿಸಿಕೊಂಡವರು ವರ್ಷಕ್ಕೊಬ್ಬರಾದರೂ ಬರುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ನಿಮ್ಮ ಗೆಳೆಯ ಹೇಳಿದ ಕತೆಗಳನ್ನೇ ಹೊತ್ತು ಬರುತ್ತಾರೆ.

ಈ ಕತೆಗಳು ಹುಟ್ಟಿದ್ದು ಎಲ್ಲಿಂದ ಗೊತ್ತಾ? ಬಹುಪಾಲು ಡೆಸ್ಮಂಡ್ ಬಾಯಿಂದಲೇ. ಅವರಿಗೆ ಬರಹಗಾರ ಆಗಬೇಕೆಂಬ ಆಸೆ ಇತ್ತು. ಹೈಸ್ಕೂಲಿನಲ್ಲಿ ಶಾಲೆಯ ಪತ್ರಿಕೆಯ ಸಂಪಾದಕರಾಗಿದ್ದರು, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಮಾತಿನಲ್ಲಿ ತಮ್ಮನ್ನೇ ಗೇಲಿ ಮಾಡಿಕೊಳ್ಳುವುದು ಅವರ ಚಾಳಿ. ಜಗತ್ತಿನ ಅತಿ ನಿಧಾನದ ಆಲ್ಟೊ ವಾದಕ ಅಂತ ನನಗೆ ಬಹುಮಾನಗಳು ಬಂದಿವೆ, 1961ರಲ್ಲಿ ನಿಶ್ಶಬ್ದಕ್ಕಾಗಿ ವಿಶೇಷ ಪ್ರಶಸ್ತಿಯೂ ಸಿಕ್ಕಿದೆ ಅಂತ ಬರೆದುಕೊಂಡರು. ಒಂದೆರಡು ವಾರ ಅಭ್ಯಾಸ ಮಾಡಿ ನೋಡಿದೆ, ತೀರಾ ವೇಗವಾಗಿ ನುಡಿಸುವ ಹಾಗಾಯಿತು, ಬಿಟ್ಟೆ ಅಂದರು. ನಾದ ಹೇಗಿರಬೇಕು ಅಂದರೆ ಡ್ರೈ ಮಾರ್ಟೀನಿ ಅನ್ನುವ ಮದ್ಯದ ಹಾಗೆ ಅಂದರು. ಈ ತಮಾಷೆಗಳನ್ನು ಜನ ಜೀವನಚರಿತ್ರೆ ಅಂತ ಓದಿಕೊಂಡರು. ನಿಮ್ಮ ಗೆಳೆಯನೂ ಹಾಗೇ ಓದಿಕೊಂಡಿದ್ದಾನೆ.

ಅಭ್ಯಾಸದ ಕತೆಯನ್ನೇ ನೋಡಿ. 1954ರ ಆರಂಭದಲ್ಲಿ ಬಾಸ್ಟನ್ನಿನ ರೇಡಿಯೊವೊಂದಕ್ಕೆ ಡೆಸ್ಮಂಡ್ ಅವರು ಚಾರ್ಲಿ ಪಾರ್ಕರ್ ಅವರನ್ನು ಮಾತನಾಡಿಸಿದರು. ಆಗಿನ ಕಾಲಕ್ಕೆ ಆಲ್ಟೊ ಅಂದರೆ ಪಾರ್ಕರ್. ಡೆಸ್ಮಂಡ್ ಕೇಳಿದ್ದು ನೀವು ನನಗೆ ಕೇಳಿದ್ದನ್ನೇ: ಈ ಕೈಚಳಕ ಎಲ್ಲಿಂದ ಬಂತು? ಪಾರ್ಕರ್ ಹೇಳಿದರು, ಮೂರು ನಾಲ್ಕು ವರ್ಷ ದಿನಕ್ಕೆ ಕಡಿಮೆ ಅಂದರೂ 11ರಿಂದ 15 ಗಂಟೆ ಊದುತ್ತಿದ್ದೆ, ಕಾಟ ತಡೆಯಲಾರದೆ ಅಕ್ಕಪಕ್ಕದವರು ಮನೆ ಖಾಲಿ ಮಾಡಿ ಅಂತ ನನ್ನ ಅಮ್ಮನಿಗೆ ಹೇಳುವವರಿದ್ದರು. ಅದಕ್ಕೆ ಡೆಸ್ಮಂಡ್, ಇದು ಕೇಳಿ ಸಮಾಧಾನವಾಯಿತು, ನಿಮಗೆ ಅದು ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದೆ ಎಂಬ ಅರ್ಥದಲ್ಲಿ ಮಾತಾಡಿದರು. ದುಡಿಮೆಯನ್ನು ಹೀಗೆ ಕೆದಕಿ ಕೇಳುವವನು ಸೋಮಾರಿ ಅಂತ ನನಗಂತೂ ಅನಿಸುವುದಿಲ್ಲ. ಇವತ್ತಿಗೂ ಕೇಳಲು ಸಿಗುತ್ತದೆ ಆ ಮಾತುಕತೆ.

ಇನ್ನು ಅವರ ಹಿನ್ನೆಲೆ. ಹುಟ್ಟಿದ್ದು 1924ರ ನವೆಂಬರ್ 25, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹುಟ್ಟು ಹೆಸರು ಪಾಲ್ ಎಮಿಲ್ ಬ್ರೈಟನ್‌ಫೆಲ್ಡ್. ತಂದೆ ಮೂಕಿ ಚಿತ್ರಗಳ ಕಾಲದ ಥಿಯೇಟರ್ ಆರ್ಗನ್ ವಾದಕ. ತಾಯಿಗೆ ಮಾನಸಿಕ ಕಾಯಿಲೆ. ಅದರಿಂದಾಗಿ ಹುಡುಗ ಕೆಲವು ವರ್ಷ ಊರು ಬಿಟ್ಟು ನ್ಯೂಯಾರ್ಕ್ ಕಡೆಯ ನೆಂಟರ ಮನೆಯಲ್ಲಿ ಬೆಳೆಯಬೇಕಾಯಿತು. ಮೊದಲು ಹಿಡಿದದ್ದು ಕ್ಲಾರಿನೆಟ್. ಆಲ್ಟೊಗೆ ಬಂದದ್ದು 1943ರಲ್ಲಿ, ಸೈನ್ಯದ ಬ್ಯಾಂಡಿಗೆ ಸೇರುವ ಹೊತ್ತಿಗೆ. ಈ ಕ್ಲಾರಿನೆಟ್ ವಿಷಯ ನೆನಪಿಟ್ಟುಕೊಳ್ಳಿ. ಅವರ ಆಲ್ಟೊದಲ್ಲಿ, ಅದರಲ್ಲೂ ತಾರಸ್ಥಾಯಿಯಲ್ಲಿ, ಕ್ಲಾರಿನೆಟ್ಟಿನ ದುಂಡುತನ ಕೇಳಿಸುತ್ತದೆ. ಇದು ನನ್ನ ಕಿವಿಯ ತೀರ್ಪು, ಬೇರೆಯವರು ಒಪ್ಪದೆಯೂ ಇರಬಹುದು.

ಈಗ ನಾದದ ವಿಷಯಕ್ಕೆ ಬರೋಣ. ಸ್ವಲ್ಪ ಉದ್ದವಾಗುತ್ತದೆ, ಆದರೆ ನಿಮ್ಮ ದುಡ್ಡು ಉಳಿಯುವುದು ಇಲ್ಲೇ.

ರೀಡಿಗೂ, ಅಂದರೆ ಊದಿದಾಗ ಕಂಪಿಸುವ ತೆಳು ಪಟ್ಟಿಗೂ, ಮೌತ್‌ಪೀಸಿನ ತುದಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಸಂದು ದೊಡ್ಡದಾದಷ್ಟೂ ಗಾಳಿ ಜಾಸ್ತಿ ಬೇಕು, ಶಬ್ದವೂ ಜಾಸ್ತಿ. ಮೌತ್‌ಪೀಸಿನ ಒಳಗಿನ ನೆಲ ಎತ್ತರವಿದ್ದರೆ ಗಾಳಿ ಇಕ್ಕಟ್ಟಿನಲ್ಲಿ ರಭಸವಾಗಿ ಹೋಗುತ್ತದೆ. ಆಗ ಮೂಲ ಸ್ವರದ ಮೇಲೆ ಇರುವ ಸಣ್ಣ ಸಣ್ಣ ಅಂಶಸ್ವರಗಳೆಲ್ಲ ಎದ್ದು ಬಂದು ನಾದ ಹರಿತವಾಗುತ್ತದೆ. ನಿಮ್ಮ ಸೆಟ್ಟಿನಲ್ಲಿರುವುದು ಇಂಥದ್ದೇ ಇರಬೇಕು, ಬಹುಶಃ ಲೋಹದ್ದು. ಡೋಲು, ತಾಳ, ಜನರ ಮಾತು, ಪಟಾಕಿ, ಎಲ್ಲವನ್ನೂ ದಾಟಿ ಕೇಳಿಸಬೇಕಲ್ಲ. ಆ ಕೆಲಸಕ್ಕೆ ಅದು ಸರಿಯಾದ ಸಾಮಾನು, ಅದರಲ್ಲಿ ತಪ್ಪೇನಿಲ್ಲ.

ಡೆಸ್ಮಂಡ್ ಬಳಿ ಇದ್ದದ್ದು ಇದಕ್ಕೆ ಉಲ್ಟಾ. 1950ರ ಆಸುಪಾಸಿನ ಸೆಲ್ಮರ್ ಕಂಪನಿಯ ಆಲ್ಟೊ. ಗ್ರೆಗರಿ ಮೌತ್‌ಪೀಸ್, ಇವತ್ತಿನ ಲೆಕ್ಕಕ್ಕೆ ಸಂದು ಸಣ್ಣದು. ಅದಕ್ಕೆ ಮೂರೂವರೆ ನಂಬರಿನ ರಿಕೋ ರೀಡ್, ಅಂದರೆ ಸ್ವಲ್ಪ ಗಟ್ಟಿಯದ್ದೇ. ಗ್ರೆಗರಿ ಮಹಿಮೆ ಅನ್ನುವ ನಿಮ್ಮ ಗೆಳೆಯನ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಸಣ್ಣ ಸಂದು, ಗಟ್ಟಿ ರೀಡ್ ಸೇರಿದರೆ ನಾದ ಒಂದೇ ಗೆರೆಯಲ್ಲಿ ಬರುತ್ತದೆ, ಚೆಲ್ಲುವುದಿಲ್ಲ. ಆದರೆ ಅದೇ ಮೌತ್‌ಪೀಸನ್ನು ನಿಮ್ಮ ಈಗಿನ ಬಾಯಿಗೆ ಕೊಟ್ಟರೆ ಏನು ಬರುತ್ತದೆ? ನಿಮ್ಮದೇ ನಾದ ಬರುತ್ತದೆ, ಸ್ವಲ್ಪ ಸಣ್ಣಗೆ, ಸ್ವಲ್ಪ ಉಸಿರು ಕಟ್ಟಿದ ಹಾಗೆ.

ಹೆಚ್ಚಿನ ಕೆಲಸ ನಡೆಯುವುದು ಬಾಯಿಯ ಒಳಗೆ. ಗಂಟಲು, ನಾಲಿಗೆಯ ಹಿಂಭಾಗ, ಕೆಳತುಟಿಯ ಒತ್ತಡ. ಮೆಲ್ಲಗೆ ಊದುವುದು ಅಂದರೆ ಕಡಿಮೆ ಊದುವುದು ಅಂತ ಹೊಸಬರು ತಿಳಿಯುತ್ತಾರೆ. ಹಾಗೆ ಮಾಡಿದರೆ ಸ್ವರ ನಡುಗುತ್ತದೆ, ಶ್ರುತಿ ಜಾರುತ್ತದೆ. ಅದನ್ನು ಸರಿಮಾಡಲು ದವಡೆ ಕಚ್ಚುತ್ತಾರೆ. ಆಗ ತುಟಿಯ ಒಳಗೆ ಹಲ್ಲಿನ ಗುರುತು ಬೀಳುತ್ತದೆ. ಹೊಟ್ಟೆಯ ಬಲ ಜೋರಾಗಿ ಊದುವಾಗ ಎಷ್ಟು ಬೇಕೋ ಮೆಲ್ಲಗೆ ಊದುವಾಗಲೂ ಅಷ್ಟೇ ಬೇಕು. ಬಿಂದಿಗೆಯಿಂದ ಸಣ್ಣ ಬಾಯಿಯ ಸೀಸೆಗೆ ಚೆಲ್ಲದೆ ನೀರು ಹೊಯ್ಯುವವರ ತೋಳು ನೋಡಿ. ಬೀಳುವ ಧಾರೆ ಸಣ್ಣದು, ತೋಳಿಗೆ ಬೀಳುವ ಭಾರ ಮಾತ್ರ ಇಡೀ ಬಿಂದಿಗೆಯದ್ದು.

ಇನ್ನೂ ಒಂದು ಸಂಗತಿ ಜನ ಮರೆಯುತ್ತಾರೆ. ನೀವು ಕೇಳಿದ ‘ಟೇಕ್ ಫೈವ್’ 1959ರ ಜುಲೈ 1ರಂದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಭಾರಿ ಎತ್ತರದ ಚಾವಣಿ. ಆಲ್ಟೊದ ಸುತ್ತ ಕೇಳಿಸುವ ಆ ಗಾಳಿ, ಆ ತಂಪು, ಅದರಲ್ಲಿ ಒಂದು ಪಾಲು ಆ ಕೋಣೆಯದ್ದು. ಶಾಮಿಯಾನದ ಕೆಳಗೆ ನಿಂತು ಅದು ಬರಲಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಂಡರೆ ನ್ಯಾಯವಲ್ಲ, ಅಲ್ವಾ? ಒಮ್ಮೆ ಊರಿನ ಖಾಲಿ ಸಭಾಭವನದಲ್ಲಿ, ಯಾರೂ ಇಲ್ಲದ ಹೊತ್ತು, ಒಂದೇ ಸ್ವರವನ್ನು ಎಳೆದು ನೋಡಿ. ನಿಮ್ಮ ವಾದ್ಯವೇ ಬೇರೆ ಅನಿಸುತ್ತದೆ.

ನಿಮ್ಮ ಮಾವನ ಮಾತಿಗೂ ಉತ್ತರ ಹೇಳಬೇಕು. ಅವರು ತಮಾಷೆಗೆ ಹೇಳಿದ್ದನ್ನೇ ಅಮೆರಿಕದ ಕೆಲವು ವಿಮರ್ಶಕರು ಗಂಭೀರವಾಗಿ ಬರೆದರು. ಕೂಲ್ ಜಾಝ್ ಅಂದರೆ ಭಾವ ಇಲ್ಲದ, ನೆತ್ತರಿಲ್ಲದ ಸಂಗೀತ ಅಂತ. ಕೂಲ್ ಅನ್ನುವ ಹೆಸರೇ ಈ ಗೊಂದಲ ತಂದಿಟ್ಟಿತು. 1940ರ ದಶಕದ ಕೊನೆಗೆ ಪಾರ್ಕರ್ ಮತ್ತು ಅವರ ಜೊತೆಗಾರರ ಬೀಬಾಪ್ ಸಂಗೀತ ಬೆಂಕಿಯ ಹಾಗೆ ಓಡುತ್ತಿತ್ತು. ಅದೇ ಸ್ವರಜ್ಞಾನವನ್ನು ಇಟ್ಟುಕೊಂಡು ಕೆಲವರು ದನಿ ತಗ್ಗಿಸಿದರು, ಸಾಲು ಉದ್ದ ಮಾಡಿದರು, ನಡುವೆ ಜಾಗ ಬಿಟ್ಟರು. 1949-50ರಲ್ಲಿ ಮೈಲ್ಸ್ ಡೇವಿಸ್ ಅವರ ಒಂಬತ್ತು ಜನರ ತಂಡದಲ್ಲಿ ಲೀ ಕೊನಿಟ್ಜ್ ಆಲ್ಟೊ ಊದಿದರು, ಜೆರಿ ಮಲ್ಲಿಗನ್ ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್ ಊದಿದರು. ಇವರೆಲ್ಲರಿಗೂ ಮೊದಲು ಲೆಸ್ಟರ್ ಯಂಗ್ ಇದ್ದರು, ಟೆನರ್ ಸ್ಯಾಕ್ಸೊಫೋನಿನಲ್ಲಿ ಪಿಸುಮಾತಿನಂತೆ ಊದಿದವರು. ಡೆಸ್ಮಂಡ್ ಕಿವಿ ಅವರ ಕಡೆಗೇ ಇತ್ತು. ಪಾರ್ಕರ್ ಮೇಲೆ ಎಷ್ಟೇ ಗೌರವ ಇದ್ದರೂ ಅವರನ್ನು ನಕಲು ಮಾಡಬಾರದು ಅಂತ ಹಟ ಹಿಡಿದಿದ್ದರು. ಆ ಕಾಲದ ಆಲ್ಟೊ ವಾದಕರಿಗೆ ಅದು ಸಣ್ಣ ಹಟವಲ್ಲ.

ಭಾವ ಇಲ್ಲ ಅನ್ನುವವರಿಗೆ ನಾನು 1953ರ ಓಬರ್ಲಿನ್ ಕಾಲೇಜಿನ ಕಛೇರಿಯ ರೆಕಾರ್ಡಿಂಗ್ ಕೇಳಿಸುತ್ತೇನೆ. ಅದರಲ್ಲಿ ಡೆಸ್ಮಂಡ್ ನಿದ್ದೆಗಣ್ಣಿನಲ್ಲಿ ಇಲ್ಲ. ವಿದ್ಯಾರ್ಥಿಗಳು ಕೂಗುತ್ತಿದ್ದಾರೆ, ಇವರು ಅವರ ಮೇಲೇ ನುಗ್ಗುತ್ತಿದ್ದಾರೆ. ಮಾವನಿಗೆ ಮೊದಲು ಅದನ್ನು ಕೇಳಿಸಬೇಕಿತ್ತು ನೀವು.

ಡೆಸ್ಮಂಡ್ ಒಂದು ಮಾತು ಹೇಳಿ ಅದಕ್ಕೆ ತಾವೇ ಉತ್ತರ ಕೊಡುತ್ತಾರೆ. ಅದೇ ಮಾತನ್ನು ಒಂದು ಮೆಟ್ಟಿಲು ಕೆಳಗಿಂದ ಇನ್ನೊಮ್ಮೆ, ಅಲ್ಲಿಂದ ತಿರುಗಿಸಿ ಮತ್ತೊಮ್ಮೆ. ನಾವು ಕೀರ್ತನೆಯ ಒಂದೇ ಸಾಲಿಗೆ ಸಂಗತಿ ಮೇಲೆ ಸಂಗತಿ ಹಾಕುವ ಹಾಗೆ. ನಡುವೆ ಯಾವುದೋ ಹಳೆಯ ಹಾಡಿನ ತುಣುಕನ್ನು ಸುಮ್ನೆ ತೂರಿಸಿ ಬ್ರೂಬೆಕ್ ನಗುತ್ತಾರೋ ಅಂತ ನೋಡುವುದೂ ಉಂಟು. ಕೇಳುವವರಿಗೆ ಇದು ಆರಾಮ ಅನಿಸುತ್ತದೆ. ನುಡಿಸುವವರ ತಲೆಯಲ್ಲಿ ಪೂರಾ ಲೆಕ್ಕ ಓಡುತ್ತಿರುತ್ತದೆ.

ಜೋರು ಡೋಲಿನ ಪಕ್ಕ ನಿಂತು ನನ್ನ ನಾದ ಕೆಟ್ಟಿತೇ ಅನ್ನುವುದು ನಿಮ್ಮ ನಿಜವಾದ ಭಯ. ಇದಕ್ಕೆ ಎರಡು ಕತೆ ಹೇಳುತ್ತೇನೆ.

ಒಂದು ಲೀ ಕೊನಿಟ್ಜ್ ಅವರದ್ದು. ಡೆಸ್ಮಂಡ್‌ಗಿಂತಲೂ ಒಣಗಿದ, ಕಂಪನವೇ ಇಲ್ಲದಂಥ ನಾದ. ಈ ಮನುಷ್ಯ 1952ರಲ್ಲಿ ಸ್ಟ್ಯಾನ್ ಕೆಂಟನ್ ಅವರ ತಂಡ ಸೇರಿದರು. ಅದು ಹಿತ್ತಾಳೆ ವಾದ್ಯಗಳ ದೊಡ್ಡ ಸೈನ್ಯ. ಅದರ ನಡುವೆ ಕೇಳಿಸಿಕೊಳ್ಳಬೇಕಾದರೆ ನಾದವನ್ನು ಗಟ್ಟಿ ಮಾಡಲೇಬೇಕಿತ್ತು, ಮಾಡಿದರು. ಅದರಿಂದ ಅವರ ಮೆದುತನ ಹೋಗಲಿಲ್ಲ, ಅದಕ್ಕೆ ಬೆನ್ನುಮೂಳೆ ಬಂತು. 2020ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ, ಕೊನೆಯ ವರ್ಷಗಳವರೆಗೂ ಊದುತ್ತಿದ್ದರು. ನಿಮ್ಮ ಆರು ವರ್ಷ ನಿಮಗೆ ಉಸಿರಿನ ಬಲ ಕೊಟ್ಟಿದೆ. ನನ್ನ ಹತ್ತಿರ ಬರುವ ನಗರದ ಹುಡುಗರಿಗೆ ಇಲ್ಲದ್ದು ಅದೇ.

ಇನ್ನೊಂದು ಕತೆ ಡೆಸ್ಮಂಡ್ ಅವರದ್ದೇ. 1956ರಲ್ಲಿ ಡ್ರಮ್ಮರ್ ಜೋ ಮೊರೆಲ್ಲೊ ಬ್ರೂಬೆಕ್ ತಂಡಕ್ಕೆ ಬಂದರು. ಡೆಸ್ಮಂಡ್‌ಗೆ ಬೇಕಿದ್ದದ್ದು ಬ್ರಷ್ ಹಿಡಿದು ಹಿಂದೆ ಸುಮ್ಮನೆ ಕೂರುವ ಡ್ರಮ್ಮರ್. ಬ್ರೂಬೆಕ್ ತಂದದ್ದು ಮುಂದೆ ಬಂದು ಸೋಲೊ ಹೊಡೆಯುವ, ಜನರಿಂದ ಚಪ್ಪಾಳೆ ಗಿಟ್ಟಿಸುವ ಡ್ರಮ್ಮರ್. ಅವನಿರಬೇಕು ಇಲ್ಲ ನಾನಿರಬೇಕು ಅನ್ನುವವರೆಗೆ ಹೋಯಿತು. ಬ್ರೂಬೆಕ್ ಮಣಿಯಲಿಲ್ಲ, ಮೊರೆಲ್ಲೊ ಉಳಿದರು. ಡೆಸ್ಮಂಡ್ ಕೂಡ ಹೋಗಲಿಲ್ಲ. ಮೂರು ವರ್ಷ ಕಳೆದ ಮೇಲೆ ಅದೇ ಮೊರೆಲ್ಲೊಗೆ ಸೋಲೊ ಹೊಡೆಯಲು ಅನುಕೂಲವಾಗಲಿ ಅಂತ ಐದು ಎಣಿಕೆಯ ಒಂದು ಟ್ಯೂನ್ ಬರೆದರು. ಅದೇ ‘ಟೇಕ್ ಫೈವ್’. ಎರಡು ತುಣುಕು ಬರೆದು ತಂದಿದ್ದರು, ಅವನ್ನು ಹೀಗೆ ಜೋಡಿಸು ಅಂತ ತೋರಿಸಿದ್ದು ಬ್ರೂಬೆಕ್. ತಾನು ಕಂಡರಾಗದ ಡ್ರಮ್ಮರ್‌ಗಾಗಿ ಬರೆದದ್ದು ಜೀವನಪೂರ್ತಿ ಅನ್ನ ಹಾಕಿತು. ನಿಮ್ಮ ಡೋಲಿನವರನ್ನು ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಬಹುದು ನಾನು.

ಅಂದಹಾಗೆ, ಖಂಡಛಾಪು ಗೊತ್ತಿರುವ ನಿಮಗೆ ಈ ಟ್ಯೂನಿನ ಐದರ ಲೆಕ್ಕ ಹೆದರಿಸಬಾರದು. ಆದರೆ ಒಂದು ಎಡವಟ್ಟು ಇದೆ. ನಮ್ಮದು ಸಾಮಾನ್ಯವಾಗಿ ಎರಡು ಮತ್ತು ಮೂರು, ತಕ ತಕಿಟ. ಅದು ಮೂರು ಮತ್ತು ಎರಡು, ತಕಿಟ ತಕ. ನನ್ನ ಒಬ್ಬ ಶಿಷ್ಯ ಮೃದಂಗ ಕಲಿತವನು. ಎರಡು ವಾರ ಅದನ್ನು ತಿರುಗಿಸಿಯೇ ನುಡಿಸುತ್ತಿದ್ದ, ತಪ್ಪು ಎಲ್ಲಿ ಅಂತ ಇಬ್ಬರಿಗೂ ತಿಳಿಯಲಿಲ್ಲ!

ಈಗ ಬ್ರೂಬೆಕ್ ಹಿಂದೆಯೇ ಇದ್ದವರು ಅನ್ನುವ ಮಾತು. ಇದು ಅರ್ಧ ನಿಜ, ಹಾಗಾಗಿ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು.

ಇಬ್ಬರೂ ಭೇಟಿಯಾದದ್ದು 1944ರಲ್ಲಿ, ಸೈನ್ಯದಲ್ಲಿ. ಯುದ್ಧ ಮುಗಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಒಟ್ಟಿಗೆ ನುಡಿಸಿದರು. ಆಗ ಒಂದು ಕಡೆ ಡೆಸ್ಮಂಡ್ ಅವರದ್ದೇ ತಂಡ, ಬ್ರೂಬೆಕ್ ಅವರಲ್ಲಿ ನೌಕರ. ಡೆಸ್ಮಂಡ್ ಬೇರೆ ಕೆಲಸ ಸಿಕ್ಕಿತು ಅಂತ ಹೊರಟರು, ಹೋಗುವಾಗ ಆ ಜಾಗವನ್ನು ಬ್ರೂಬೆಕ್‌ಗೂ ಬಿಟ್ಟುಕೊಡಲಿಲ್ಲ. ಹೆಂಡತಿ ಮಕ್ಕಳು ಇದ್ದ ಬ್ರೂಬೆಕ್ ಕೆಲಸವಿಲ್ಲದೆ ಕೂತರು. ಆ ಮನುಷ್ಯನನ್ನು ನಮ್ಮ ಮನೆ ಹೊಸ್ತಿಲು ದಾಟಿಸಬೇಡ ಅಂತ ಹೆಂಡತಿ ಅಯೋಲಾಗೆ ಹೇಳಿಬಿಟ್ಟರು. ಆಮೇಲೆ ಬ್ರೂಬೆಕ್ ಅವರ ಮೂವರ ತಂಡ ರೇಡಿಯೊದಲ್ಲಿ ಹೆಸರು ಮಾಡಿತು. ಡೆಸ್ಮಂಡ್ ಆಗ ಜ್ಯಾಕ್ ಫೀನಾ ಅವರ ನೃತ್ಯ ತಂಡದಲ್ಲಿ ಊರೂರು ಸುತ್ತುತ್ತಿದ್ದರು. ವಾಪಸ್ ಬಂದು ಬಾಗಿಲು ತಟ್ಟಿದರು. ಅಯೋಲಾ ಮನಸ್ಸು ಕರಗಿ ಒಳಗೆ ಬಿಟ್ಟರು. ಬ್ರೂಬೆಕ್ ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದರಂತೆ. ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಕಾರು ತೊಳೆಯುತ್ತೇನೆ, ನನ್ನನ್ನು ಸೇರಿಸಿಕೋ ಅಂತ ಡೆಸ್ಮಂಡ್ ಅಂಗಲಾಚಿದರು. 1951ರಲ್ಲಿ ಬ್ರೂಬೆಕ್ ಹವಾಯಿಯಲ್ಲಿ ಸಮುದ್ರಕ್ಕೆ ಧುಮುಕುವಾಗ ಕುತ್ತಿಗೆಗೆ ಭಾರಿ ಪೆಟ್ಟಾಯಿತು. ಒಬ್ಬರೇ ಮುಂದೆ ನಿಂತು ಭಾರ ಹೊರಲು ಆಗದು ಅನಿಸಿ ಆಸ್ಪತ್ರೆಯಿಂದಲೇ ಡೆಸ್ಮಂಡ್‌ಗೆ ಬರೆದರು. ಹೀಗೆ ಶುರುವಾಯಿತು ನಾಲ್ವರ ತಂಡ, ಅಂದರೆ ಕ್ವಾರ್ಟೆಟ್. 1967ರ ಡಿಸೆಂಬರ್ 26ರ ಪಿಟ್ಸ್‌ಬರ್ಗ್ ಕಛೇರಿಯವರೆಗೆ ನಡೆಯಿತು.

ಹದಿನಾರು ವರ್ಷ. ಇದರಲ್ಲಿ ಯಾರು ಯಾರ ಹಿಂದೆ? ಊರೂರಿಗೆ ಫೋನು ಮಾಡುವುದು, ಕಂಪನಿಯವರ ಜೊತೆ ಜಗಳ, ವಿಮರ್ಶಕರ ಬೈಗುಳ, ಎಲ್ಲ ಬ್ರೂಬೆಕ್ ತಲೆಗೆ. 1960ರಲ್ಲಿ ಕಪ್ಪು ಜನಾಂಗದ ಬಾಸ್ ವಾದಕ ಯೂಜೀನ್ ರೈಟ್ ಅವರನ್ನು ಬಿಟ್ಟು ಬನ್ನಿ ಅಂದ ಕಾಲೇಜುಗಳಿಗೆ ಬ್ರೂಬೆಕ್ ಆಗುವುದಿಲ್ಲ ಅಂದರು. ದಕ್ಷಿಣದ ರಾಜ್ಯಗಳ 25 ಕಛೇರಿಗಳಲ್ಲಿ 23 ರದ್ದಾದವು. ಆ ನಷ್ಟದ ತೀರ್ಮಾನವೂ ಅವರದ್ದೇ. ಡೆಸ್ಮಂಡ್‌ಗೆ ಸಿಕ್ಕಿದ್ದು ನಾದದ ಬಗ್ಗೆ ಮಾತ್ರ ಯೋಚಿಸುವ ಸ್ವಾತಂತ್ರ್ಯ. ಬ್ರೂಬೆಕ್ ಪಿಯಾನೊ ದಪ್ಪ, ಭಾರ, ಕಟ್ಟಿಗೆ ಒಟ್ಟಿದ ಹಾಗೆ. ಅದರ ಪಕ್ಕದಲ್ಲಿ ಈ ತೆಳುವಾದ ಗೆರೆ ಎದ್ದು ಕಂಡಿತು. ಪಿಯಾನೊ ಕೂಡ ತೆಳುವಾಗಿದ್ದರೆ ಡೆಸ್ಮಂಡ್ ಕೇಳಿಸುತ್ತಲೇ ಇರಲಿಲ್ಲ ಅಂತ ನನ್ನ ಅನುಮಾನ.

ಸ್ವಂತ ರೆಕಾರ್ಡು ಮಾಡಲಿಲ್ಲ ಅನ್ನುವುದಂತೂ ಸುಳ್ಳು. ಬೇರೆ ಪಿಯಾನೊ ವಾದಕರ ಜೊತೆ ರೆಕಾರ್ಡ್ ಮಾಡುವುದಿಲ್ಲ ಅಂತ ಬ್ರೂಬೆಕ್ ಜೊತೆ ಬಾಯಿಮಾತಿನ ಒಪ್ಪಂದ ಇತ್ತು. ಅಡ್ಡಿಯಾಗಬೇಕಾದ ಆ ಮಾತು ವರವೇ ಆಯಿತು. ಪಿಯಾನೊ ಬೇಡವಾದರೆ ಗಿಟಾರ್ ಅಂತ ಜಿಮ್ ಹಾಲ್ ಅವರನ್ನು ಕರೆದರು. 1959ರಿಂದ 1960ರ ದಶಕದ ನಡುವಿನವರೆಗೆ ಇಬ್ಬರೂ ಸೇರಿ ಮಾಡಿದ ರೆಕಾರ್ಡುಗಳೇ ನನ್ನ ಪ್ರಕಾರ ಡೆಸ್ಮಂಡ್ ಅವರ ಅತ್ಯುತ್ತಮ ಕೆಲಸ. ‘ಟೇಕ್ ಫೈವ್’ಗಿಂತಲೂ. ಮಲ್ಲಿಗನ್ ಜೊತೆಯವೂ ಇವೆ, ಅದರಲ್ಲಿ ಪಿಯಾನೊವೂ ಇಲ್ಲ, ಗಿಟಾರೂ ಇಲ್ಲ. ಎರಡು ಸ್ಯಾಕ್ಸೊಫೋನ್ ಒಂದರ ಬಾಲ ಒಂದು ಹಿಡಿದು ಓಡುತ್ತವೆ.

‘ಟೇಕ್ ಫೈವ್’ 1961ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಏರಿತು. ಮಾತಿಲ್ಲದ ಜಾಝ್ ತುಣುಕಿಗೆ ಅದು ಅಪರೂಪದ ಮಾತು. ರಾಯಲ್ಟಿ ಬರತೊಡಗಿತು. ತಂಡ ಮುಗಿದ ಮೇಲೆ ಡೆಸ್ಮಂಡ್ ನ್ಯೂಯಾರ್ಕಿನ ಮನೆಯಲ್ಲಿ ಕೂತು ಪುಸ್ತಕ ಬರೆಯುತ್ತೇನೆ ಅಂದರು. ಹೆಸರು ಮಾತ್ರ ಸಿದ್ಧವಿತ್ತು. ನಿಮ್ಮ ಕ್ವಾರ್ಟೆಟ್‌ನಲ್ಲಿ ಎಷ್ಟು ಜನ ಇದ್ದೀರಿ ಅಂತ ಗಗನಸಖಿಯೊಬ್ಬರು ಕೇಳಿದ್ದನ್ನೇ ಹೆಸರಾಗಿ ಇಟ್ಟಿದ್ದರು. 1973ರಲ್ಲಿ ಒಂದು ಅಧ್ಯಾಯ ಒಂದು ಬ್ರಿಟಿಷ್ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟೇ. ಇಲ್ಲಿ ಮಾತ್ರ ಸೋಮಾರಿ ಅನ್ನುವ ಮಾತಿಗೆ ನಾನು ಎದುರು ಹೇಳಲಾರೆ.

ಕುಡಿತದ ಬಗ್ಗೆ ನೇರವಾಗಿ ಹೇಳುತ್ತೇನೆ. ಅವರು ಕುಡಿಯುತ್ತಿದ್ದರು, ಜಾಸ್ತಿಯೇ. ಸಿಗರೇಟಂತೂ ಒಂದರ ಹಿಂದೆ ಒಂದು. 1976ರಲ್ಲಿ ವೈದ್ಯರ ಹತ್ತಿರ ಹೋದಾಗ ಲಿವರ್ ಪರಮ ಆರೋಗ್ಯವಾಗಿದೆ, ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ನಮ್ಮ ಕಾಲದ ಮಹಾನ್ ಲಿವರ್‌ಗಳಲ್ಲಿ ನನ್ನದೂ ಒಂದು ಅಂತ ಅದನ್ನೂ ತಮಾಷೆ ಮಾಡಿದರು. 1977ರ ಮೇ 30ರಂದು ತೀರಿಕೊಂಡರು. ವಯಸ್ಸು 52. ಉಸಿರನ್ನೇ ನಂಬಿ ಬದುಕುವ ನಮ್ಮಂಥವರಿಗೆ ಆ ತಮಾಷೆ ಅರ್ಧಕ್ಕೇ ನಿಂತುಹೋಗುತ್ತದೆ. ಕುಡಿತದಿಂದ ಆ ನಾದ ಬಂತು ಅನ್ನುವ ಗೆಳೆಯನಿಗೆ ಒಂದು ಲೋಟ ಹಾಕಿಕೊಂಡು ಮೂರೂವರೆ ನಂಬರಿನ ರೀಡಿನಲ್ಲಿ ತಾರಸ್ಥಾಯಿಯ ಒಂದು ಸ್ವರವನ್ನು ಹತ್ತು ಸೆಕೆಂಡು ಅಲುಗದೆ ಹಿಡಿ ಅಂತ ಹೇಳಿ ನೋಡಿ.

ಸರಿ, ನೀವು ಏನು ಮಾಡಬಹುದು?

ಮೊದಲನೆಯದು, ಖರ್ಚಿಲ್ಲದ್ದು. ಈಗಿರುವ ಮೌತ್‌ಪೀಸಿನಲ್ಲೇ ದಿನಕ್ಕೆ ಇಪ್ಪತ್ತು ನಿಮಿಷ ಎಳೆದ ಸ್ವರ. ಫೋನಿನಲ್ಲಿ ತಂಬೂರಿ ಹಾಕಿಕೊಳ್ಳಿ. ತೀರಾ ಮೆಲ್ಲಗೆ ಶುರು ಮಾಡಿ, ಜೋರು ಮಾಡಿ, ಮತ್ತೆ ಮೆಲ್ಲಗೆ ಇಳಿಸಿ. ಶ್ರುತಿ ಮಾತ್ರ ಅಲುಗಬಾರದು. ಮಂದ್ರದ ಕೊನೆಯ ಸ್ವರಗಳನ್ನು ಪಿಸುಗುಡುವಷ್ಟು ಮೆಲ್ಲಗೆ ಹೊರಡಿಸುವುದು ಎಲ್ಲಕ್ಕಿಂತ ಕಷ್ಟ. ಆ ಸ್ವರ ಕಿರಿಚಿದರೆ ಅಥವಾ ಬಾರದೇ ಇದ್ದರೆ ಮೊದಲು ವಾದ್ಯ ನೋಡಿ. ಕರಾವಳಿಯ ತೇವಕ್ಕೆ ರಂಧ್ರ ಮುಚ್ಚುವ ಪ್ಯಾಡ್‌ಗಳು ಉಬ್ಬುತ್ತವೆ, ಗಾಳಿ ಸೋರುತ್ತದೆ. ಜೋರಾಗಿ ಊದುವಾಗ ಆ ಸೋರಿಕೆ ಗೊತ್ತಾಗುವುದೇ ಇಲ್ಲ, ಮೆಲ್ಲಗೆ ಊದಿದರೆ ಬಯಲಾಗುತ್ತದೆ. ನನ್ನಲ್ಲಿಗೆ “ನಾದ ಸರಿಯಿಲ್ಲ” ಅಂತ ಬರುವ ಹತ್ತರಲ್ಲಿ ಆರು ವಾದ್ಯಕ್ಕೆ ಬೇಕಿರುವುದು ಪ್ಯಾಡು, ಬೇರೇನಲ್ಲ. ಈ ದಾರಿಯ ಅಪಾಯ ಒಂದೇ. ಮೂರು ತಿಂಗಳು ಏನೂ ಬದಲಾಗದ ಹಾಗೆ ಅನಿಸಿ ಬೇಸರ ಬರುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಎರಡನೆಯದು, ಮೂರು ತಿಂಗಳಾದ ಮೇಲೆ ಒಂದು ಹೊಸ ಗಟ್ಟಿ ರಬ್ಬರಿನ ಮೌತ್‌ಪೀಸ್. ಹಳೆಯದಲ್ಲ. ಸಂದು ಮಧ್ಯಮಕ್ಕಿಂತ ಸ್ವಲ್ಪ ಸಣ್ಣದು. ರೀಡ್ ಎರಡೂವರೆಯಿಂದ ಶುರುಮಾಡಿ, ಮೂರಕ್ಕೆ ಹೋಗಿ. ಒಮ್ಮೆಗೇ ಮೂರೂವರೆಗೆ ಹಾರಿದರೆ ತುಟಿ ಹಾಳಾಗುತ್ತದೆ, ಮರುದಿನ ಮದುವೆ ಇದ್ದರೆ ಪಚೀತಿ. ಸೆಟ್ಟಿನ ಕೆಲಸಕ್ಕೆ ಇದನ್ನು ಒಯ್ಯಬೇಡಿ. ಯಾರಿಗೂ ಕೇಳಿಸದೆ ನೀವು ತಿಣುಕಿ ಊದುತ್ತೀರಿ, ಹೊಸ ಅಭ್ಯಾಸವೂ ಹೋಗುತ್ತದೆ, ಹಳೆಯದೂ ಹೋಗುತ್ತದೆ.

ಮೂರನೆಯದು ಆ ಹಳೆಯ ಗ್ರೆಗರಿ. ನಾನೇ ಒಮ್ಮೆ ಹೀಗೆ ಮೋಸಹೋಗಿದ್ದೇನೆ. ಹೊರದೇಶದ ಒಬ್ಬರಿಂದ ಹಳೆಯ ಮೌತ್‌ಪೀಸ್ ತರಿಸಿದೆ. ಫೋಟೊದಲ್ಲಿ ಮಿಂಚುತ್ತಿತ್ತು. ಕೈಗೆ ಬಂದಾಗ ನೋಡಿದರೆ ಯಾರೋ ತುದಿಯನ್ನು ಉಜ್ಜಿ ಸಂದು ದೊಡ್ಡದು ಮಾಡಿದ್ದರು. ಮೇಲೆ ಕೆತ್ತಿದ ಅಂಕಿ ಒಂದು, ಅಳತೆ ಇನ್ನೊಂದು. ವಾಪಸ್ ತೆಗೆದುಕೊಳ್ಳಲಿಲ್ಲ. ಎಪ್ಪತ್ತು ವರ್ಷದ ರಬ್ಬರ್ ಬೇರೆ, ತುದಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಊದಿ ನೋಡದೆ, ಅಳತೆ ಮಾಡಿಸದೆ ಇಂಥದ್ದನ್ನು ಯಾರೂ ಕೊಳ್ಳಬಾರದು. ಅದರಲ್ಲೂ ಎರಡು ತಿಂಗಳ ದುಡಿಮೆ ಕೊಟ್ಟು!

ಸೆಟ್ಟು ಬಿಡುವ ಪ್ರಶ್ನೆ ನಿಮ್ಮ ಮನೆಯ ಲೆಕ್ಕ, ಅದರಲ್ಲಿ ನಾನು ಬಾಯಿ ಹಾಕುವುದು ಸರಿಯಲ್ಲ. ಆದರೆ ಒಂದು ಮಾತು. ನಿಮ್ಮ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯಿಂದ ಬಂದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದರು, ಗಮಕ ಬರಬೇಕು ಅಂತ ವಾದ್ಯವನ್ನೇ ತಿದ್ದಿಸಿಕೊಂಡರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು. ಅದಕ್ಕಾಗಿ ಅವರು ಕಛೇರಿ ಬಿಟ್ಟು ಜಾಝ್‌ನವರಾಗಬೇಕಾಗಲಿಲ್ಲ. ಭಾರತದಲ್ಲಿ ಬರೀ ಜಾಝ್ ನುಡಿಸಿ ಬದುಕುವವರು ಬೆರಳೆಣಿಕೆ. ನನಗೇ ಅನ್ನ ಹಾಕುವುದು ಪಾಠ ಮತ್ತು ರಿಪೇರಿ. ಸೆಟ್ಟು ಬಿಟ್ಟರೆ ನಿಮ್ಮ ಕೈಯಿಂದ ಹೋಗುವುದು ಸಂಬಳ ಒಂದೇ ಅಲ್ಲ, ವಾರಕ್ಕೆ ಹತ್ತಾರು ಗಂಟೆ ಜನರ ಮುಂದೆ ಊದುವ ಅವಕಾಶವೂ ಹೋಗುತ್ತದೆ. ಮಳೆಗಾಲದಲ್ಲಿ ಮದುವೆ ಕಡಿಮೆ ಇರುತ್ತದಲ್ಲ, ಆ ನಾಲ್ಕು ತಿಂಗಳು ಬೆಂಗಳೂರಿಗೋ ಗೋವಾಕ್ಕೋ ಬಂದು ಕಲಿತು ನೋಡಿ. ಆಮೇಲೆ ತೀರ್ಮಾನ ಮಾಡಿ. ಅಪಾಯ ಅಂದರೆ ಎರಡು ನಾದ ಇಟ್ಟುಕೊಂಡವರು ಕೆಲವು ದಿನ ಎರಡರಲ್ಲೂ ತಡವರಿಸುತ್ತಾರೆ. ಅಷ್ಟಕ್ಕೆ ಸಿದ್ಧರಾಗಿರಿ.

ಡೆಸ್ಮಂಡ್ ತೀರಿಕೊಂಡಾಗ ‘ಟೇಕ್ ಫೈವ್’ ಹಾಗೂ ತಮ್ಮ ಉಳಿದ ರಚನೆಗಳ ರಾಯಲ್ಟಿಯನ್ನು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟಿದ್ದರು. ಈಗಲೂ ಅದು ಅಲ್ಲಿಗೇ ಹೋಗುತ್ತದೆ. ಪಿಯಾನೊವನ್ನು ತಾವು ಹೋಗುತ್ತಿದ್ದ ಬಾರಿಗೆ ಕೊಟ್ಟರು. ಸ್ಯಾಕ್ಸೊಫೋನ್ ಹೋದದ್ದು ಬ್ರೂಬೆಕ್ ಅವರ ಮಗ ಮೈಕೆಲ್‌ಗೆ. ಹೊಸ್ತಿಲು ದಾಟಿಸಬೇಡ ಅಂದಿದ್ದ ಮನೆಗೆ.

ಪ್ಯಾಡ್ ಪರೀಕ್ಷೆ ಮಾಡಿಸಿದ ಮೇಲೆ, ಮಂದ್ರದ ಸ್ವರ ಮೆಲ್ಲಗೆ ಬರುತ್ತದೋ ಇಲ್ಲವೋ ಬರೆದು ತಿಳಿಸಿ. ಮೊದಲ ವಾರದ ರೆಕಾರ್ಡಿಂಗ್ ಅಳಿಸಬೇಡಿ, ಮೂರು ತಿಂಗಳ ನಂತರದ್ದರ ಜೊತೆ ಕಳಿಸಿ. ಎರಡನ್ನೂ ಕೇಳಿಯೇ ಯಾವ ಮೌತ್‌ಪೀಸ್ ಅಂತ ಹೇಳುತ್ತೇನೆ.